ಬೂಷ್ಟು ನೈಟ್ರೇಟ್ ತಿನ್ನುವುದನ್ನು ನಾಲ್ಕು ತಟ್ಟೆಯಲ್ಲಿ ಓದುವುದು ಹೇಗೆ

ಹೋದ ವರ್ಷ ನಮ್ಮ ಲ್ಯಾಬಿನಲ್ಲಿ ಬೆಳೆಯಬಾರದ ತಟ್ಟೆಯಲ್ಲಿ ಬೂಷ್ಟು ಬೆಳೆದಿತ್ತು. ಅದು ಸಾರಜನಕ ಹಾಕದ ಅಗರ್, ಅಂದರೆ ಬೂಷ್ಟು ಬೆಳೆಸುವ ಜೆಲ್ಲಿ. ಸಕ್ಕರೆ, ನಾಲ್ಕು ಉಪ್ಪು, ನೀರು, ಅಷ್ಟೇ. ಅಂಥ ತಟ್ಟೆಯಲ್ಲಿ ಶಿಲೀಂಧ್ರ ಜೇಡರ ಬಲೆಯ ಹಾಗೆ ತೆಳ್ಳಗೆ ಹರಡಬೇಕು. ಇಲ್ಲಿ ಐದನೇ ದಿನಕ್ಕೆ ಬಿಳಿ ಹತ್ತಿ ಎದ್ದು ನಿಂತಿತ್ತು.

"ಮೇಡಂ, ಇದು ಗಾಳಿಯಿಂದ ಸಾರಜನಕ ತಗೊಳ್ತಾ ಇದೆಯಾ?" ಅಂತ ಒಬ್ಬಳು ಕೇಳಿದಳು. ಒಳ್ಳೇ ಪ್ರಶ್ನೆ, ಆದರೆ ಶಿಲೀಂಧ್ರಗಳಿಗೆ ಆ ವಿದ್ಯೆ ಬರುವುದಿಲ್ಲ. ಕಳ್ಳ ಸಿಕ್ಕಿದ್ದು ನೀರಿನ ಕ್ಯಾನಿನಲ್ಲಿ. ಡಿಸ್ಟಿಲ್ಡ್ ವಾಟರ್ ಯಂತ್ರ ಕೆಟ್ಟಿದೆ ಅಂತ ಯಾರೋ ಸುಮ್ನೆ ಬೋರ್‌ವೆಲ್ ನೀರು ತುಂಬಿಸಿಟ್ಟಿದ್ದರು. ಆ ನೀರಿನಲ್ಲಿ ಸಾರಜನಕ ನೈಟ್ರೇಟ್ ರೂಪದಲ್ಲಿ ಇತ್ತು. ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ನೈಟ್ರೇಟ್ ಪಟ್ಟಿ ಅದ್ದಿ ನೋಡಿದರೆ ಲೀಟರಿಗೆ 100 ಮಿಲಿಗ್ರಾಂ ಹತ್ತಿರದ ಬಣ್ಣ ಬಂತು. ಕುಡಿಯುವ ನೀರಿಗೆ ಭಾರತೀಯ ಮಾನಕ ಸಂಸ್ಥೆಯ (ಬಿಐಎಸ್) ಮಿತಿ 45. ಕೋಲಾರ ಜಿಲ್ಲೆಯಲ್ಲಿ ಈ ಮಿತಿ ದಾಟಿದ ಬೋರ್‌ವೆಲ್‌ಗಳು ಹೊಸ ಸುದ್ದಿಯೇನಲ್ಲ, ಚಿಕ್ಕಬಳ್ಳಾಪುರ, ತುಮಕೂರಿನವರಿಗೂ ಇದು ಗೊತ್ತಿರುವ ವಿಷಯವೇ.

ಆ ತಪ್ಪಿನಿಂದಲೇ ಈ ಪಾಠ ನನಗೆ ಸರಿಯಾಗಿ ಅರ್ಥವಾಗಿದ್ದು. ಹಾಗಾಗಿ ನಮ್ಮ ಕಡೆಯ ಡಿಗ್ರಿ, ಎಂಎಸ್ಸಿ ಮಕ್ಕಳಿಗೆ ಪ್ರಾಜೆಕ್ಟ್ ಆಗಿ ಇದನ್ನೇ ಹೇಳುತ್ತೇನೆ: ಟೊಮೇಟೊ ಸೊರಗು ರೋಗ ತರುವ ಫ್ಯುಸೇರಿಯಂ ಎಂಬ ಬೂಷ್ಟು ತನ್ನಿ, ಅದು ನೈಟ್ರೇಟ್ ತಿನ್ನುವ ದಾರಿಯನ್ನು ಮುರಿಯಿರಿ, ದಾರಿಯಲ್ಲಿ ಎಲ್ಲಿ ಮುರಿದಿದೆ ಅಂತ ಬರೀ ಕಣ್ಣಲ್ಲಿ ಕಂಡುಹಿಡಿಯಿರಿ. ಸೀಕ್ವೆನ್ಸಿಂಗ್ ಬೇಡ, ಪಿಸಿಆರ್ ಯಂತ್ರ ಬೇಡ. ತಟ್ಟೆ ಓದಲು ಬಂದರೆ ಸಾಕು.

ಮೊದಲು ದಾರಿ ಯಾವುದು ಅಂತ ನೋಡೋಣ. ಇದನ್ನು ಚೆನ್ನಾಗಿ ಬಿಡಿಸಿದ್ದು ಆಸ್ಪರ್ಜಿಲಸ್ ನಿಡುಲಾನ್ಸ್ ಎಂಬ ಹಸಿರು ಬೂಷ್ಟಿನಲ್ಲಿ, ಆದ್ದರಿಂದ ಜೀನುಗಳ ಹೆಸರು ಅಲ್ಲಿಂದಲೇ ತಗೊಳ್ಳುತ್ತೇನೆ. ಜೀವಕೋಶದ ಪೊರೆಯಲ್ಲಿ ನೈಟ್ರೇಟಿಗೆ ಎರಡು ಬಾಗಿಲಿವೆ, ನರ್ಟ್-ಎ ಮತ್ತು ನರ್ಟ್-ಬಿ. ನರ್ಟ್-ಎಗೆ ಮೊದಲು ಕ್ರನ್-ಎ ಎಂಬ ಹೆಸರಿತ್ತು, ಹಳೇ ಪೇಪರ್‌ಗಳಲ್ಲಿ ಹಾಗೇ ಸಿಗುತ್ತದೆ, ಗಲಿಬಿಲಿಯಾಗಬೇಡಿ. ಎರಡೂ ಪೊರೆಯನ್ನು 12 ಸಲ ಹೊಲಿದ ಹಾಗೆ ಹಾದುಹೋಗುವ ಪ್ರೋಟೀನುಗಳು. ನೈಟ್ರೇಟ್ ಋಣ ವಿದ್ಯುದಂಶದ್ದು, ಕೋಶದ ಒಳಗೂ ಋಣವೇ ಜಾಸ್ತಿ. ಹಾಗಾಗಿ ಅದು ತಾನಾಗಿ ಒಳಗೆ ಬರುವುದಿಲ್ಲ, ಹೊರಗಿನ ಪ್ರೋಟಾನುಗಳ ಜೊತೆ ಎಳೆದು ತರಬೇಕು. ಈ ಪ್ರೋಟಾನ್ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬಣ್ಣದಲ್ಲಿ ತೋರಿಸುತ್ತೇನೆ.

ಎರಡು ಬಾಗಿಲು ಯಾಕೆ? ನರ್ಟ್-ಎ ಅರ್ಧ ವೇಗಕ್ಕೆ ಬರಲು ಸುಮಾರು 100 ಮೈಕ್ರೋಮೋಲಾರ್ ನೈಟ್ರೇಟ್ ಬೇಕು, ನರ್ಟ್-ಬಿಗೆ ಸುಮಾರು 10 ಸಾಕು. 10 ಮೈಕ್ರೋಮೋಲಾರ್ ಅಂದರೆ ಲೀಟರಿಗೆ ಬರೀ 0.6 ಮಿಲಿಗ್ರಾಂ. ಈಗ ಬೋರ್‌ವೆಲ್ ಲೆಕ್ಕ ಹಾಕಿ. ಮಿತಿಯಾದ 45 ಮಿಲಿಗ್ರಾಂ ಅಂದರೇ 725 ಮೈಕ್ರೋಮೋಲಾರ್ ಹತ್ತಿರ. ಆ ನೀರಿನಲ್ಲಿ ಎರಡೂ ಬಾಗಿಲು ತುಂಬಿ ತುಳುಕುತ್ತವೆ. ನಾವು ‘ಏನೂ ಇಲ್ಲ’ ಅಂದುಕೊಂಡ ತಟ್ಟೆ ಬೂಷ್ಟಿಗೆ ಹಬ್ಬದ ಊಟವಾಗಿತ್ತು.

ಒಳಗೆ ಬಂದ ನೈಟ್ರೇಟ್ ಎರಡು ಹೆಜ್ಜೆಯಲ್ಲಿ ಅಮೋನಿಯಂ ಆಗುತ್ತದೆ. ನಿಯ-ಡಿ ಜೀನಿನ ಕಿಣ್ವ, ನೈಟ್ರೇಟ್ ರಿಡಕ್ಟೇಸ್, ಎರಡು ಎಲೆಕ್ಟ್ರಾನ್ ಕೊಟ್ಟು ನೈಟ್ರೈಟ್ ಮಾಡುತ್ತದೆ. ನಿಐ-ಎ ಜೀನಿನ ಕಿಣ್ವ, ನೈಟ್ರೈಟ್ ರಿಡಕ್ಟೇಸ್, ಇನ್ನೂ ಆರು ಕೊಟ್ಟು ಅಮೋನಿಯಂ ಮಾಡುತ್ತದೆ. ಮೊದಲ ಕಿಣ್ವಕ್ಕೆ ಮಾಲಿಬ್ಡಿನಂ ಇರುವ ಒಂದು ಸಹಾಯಕ ಅಣು ಬೇಕೇ ಬೇಕು, ಅದನ್ನು ತಯಾರಿಸುವ ಜೀನುಗಳ ಗುಂಪಿಗೆ ಸಿಎನ್‌ಎಕ್ಸ್ ಅಂತ ಹೆಸರು. ನಿಡುಲಾನ್ಸ್‌ನಲ್ಲಿ ಕ್ರನ್-ಎ, ನಿಐ-ಎ, ನಿಯ-ಡಿ ಮೂರೂ 8ನೇ ಕ್ರೋಮೋಸೋಮಿನ ಮೇಲೆ ಅಕ್ಕಪಕ್ಕದ ಮನೆಯವರು.

ಇನ್ನು ಇವನ್ನು ಆಳುವವರು ಯಾರು? ನಮ್ಮ ಊರಿನ ಪಂಪ್‌ಸೆಟ್ ನೆನೆಸಿಕೊಳ್ಳಿ. ತ್ರೀಫೇಸ್ ಕರೆಂಟ್ ಬಂದರೆ ಸಾಲದು, ಸ್ಟಾರ್ಟರ್ ಒತ್ತಬೇಕು. ಸ್ಟಾರ್ಟರ್ ಒತ್ತಿದರೂ ಸಾಲದು, ಕರೆಂಟ್ ಇರಬೇಕು. ಇಲ್ಲಿ ಕರೆಂಟ್ ಅಂದರೆ ಏರ್-ಎ. ಸಾರಜನಕದ ಕಷ್ಟಕಾಲ ಬಂದಿದೆ ಅಂತ ಹೇಳುವ ಪ್ರೋಟೀನು ಇದು, ಡಿಎನ್‌ಎಯಲ್ಲಿ ಗಾಟಾ ಎಂಬ ಅಕ್ಷರಗಳಿರುವ ಜಾಗ ಹಿಡಿಯುತ್ತದೆ, ನೂರಾರು ಜೀನುಗಳಿಗೆ ಇದೇ ಯಜಮಾನ. ಅಮೋನಿಯಂ ಅಥವಾ ಗ್ಲುಟಮಿನ್ ಧಾರಾಳವಾಗಿದ್ದರೆ ಏರ್-ಎಯನ್ನು ಎನ್‌ಎಂಆರ್-ಎ ಎಂಬ ಇನ್ನೊಂದು ಪ್ರೋಟೀನ್ ಹಿಡಿದು ಕೂರಿಸುತ್ತದೆ. ಸುಲಭದ ಊಟ ಎದುರಿಗಿರುವಾಗ ಕಷ್ಟಪಟ್ಟು ನೈಟ್ರೇಟ್ ಯಾಕೆ ಕುಟ್ಟಬೇಕು, ಅಲ್ವಾ?

ಸ್ಟಾರ್ಟರ್ ಅಂದರೆ ನಿರ್-ಎ. ಇದಕ್ಕೆ ನೈಟ್ರೇಟ್ ಬಿಟ್ಟು ಬೇರೆ ಚಿಂತೆ ಇಲ್ಲ. ಇದರ ನಡವಳಿಕೆ ನನಗೆ ತುಂಬಾ ಇಷ್ಟ. ನೈಟ್ರೇಟ್ ಇಲ್ಲದಿರುವಾಗ ಇದು ಕೋಶಕೇಂದ್ರದ ಒಳಗೆ ಹೋಗುತ್ತದೆ, ತಕ್ಷಣ ಹೊರಗೆ ಕಳಿಸಲ್ಪಡುತ್ತದೆ, ಮತ್ತೆ ಹೋಗುತ್ತದೆ, ಮತ್ತೆ ಹೊರಗೆ, ತಾಲ್ಲೂಕು ಕಚೇರಿಗೆ ಅಲೆಯುವವರ ಹಾಗೆ. ನೈಟ್ರೇಟ್ ಬಂದ ಕೂಡಲೇ ನಿರ್-ಎಯ ಆಕಾರ ಬದಲಾಗುತ್ತದೆ, ಹೊರಗೆ ತಳ್ಳುವ ಪ್ರೋಟೀನಿಗೆ ಅದರ ಹಿಡಿ ಸಿಗುವುದಿಲ್ಲ, ಒಳಗೇ ಉಳಿದು ಜೀನು ಹಚ್ಚುತ್ತದೆ. ನ್ಯೂರೋಸ್ಪೋರಾ ಓದುವವರಿಗೆ ಇದೇ ಜೋಡಿ ನಿಟ್-2, ನಿಟ್-4 ಎಂಬ ಹೆಸರಲ್ಲಿ ಸಿಗುತ್ತದೆ. ಅಂದಹಾಗೆ, ಬ್ರೆಡ್ಡಿನ ಯೀಸ್ಟಿಗೆ ಈ ಕತೆಯೇ ಇಲ್ಲ, ಅದು ನೈಟ್ರೇಟ್ ತಿನ್ನುವುದಿಲ್ಲ.

ಈಗ ಕೆಲಸಕ್ಕೆ ಇಳಿಯೋಣ. ಸೊರಗಿದ ಟೊಮೇಟೊ ಗಿಡದ ಕಾಂಡವನ್ನು ಬುಡದ ಹತ್ತಿರ ಉದ್ದಕ್ಕೆ ಸೀಳಿ. ಒಳಗೆ ಕಂದು ಗೆರೆ ಕಂಡರೆ ನಿಮಗೆ ಬೇಕಾದ್ದು ಅಲ್ಲಿದೆ. ಆ ಗೆರೆಯಿಂದ ಅಕ್ಕಿಕಾಳಿನಷ್ಟು ತುಂಡು ಕತ್ತರಿಸಿ, ಶೇಕಡ 1ರ ಸೋಡಿಯಂ ಹೈಪೋಕ್ಲೋರೈಟಿನಲ್ಲಿ ಒಂದು ನಿಮಿಷ ಅದ್ದಿ, ಶುದ್ಧ ನೀರಲ್ಲಿ ಮೂರು ಸಲ ತೊಳೆದು, ಪಿಡಿಎ (ಆಲೂಗಡ್ಡೆ-ಸಕ್ಕರೆ ಅಗರ್) ತಟ್ಟೆಗೆ ಇಡಿ. ವಾರದಲ್ಲಿ ಬಿಳಿ, ಕೆಲವೊಮ್ಮೆ ನೇರಳೆ ಛಾಯೆಯ ಬೂಷ್ಟು ಬರುತ್ತದೆ. ಸೂಕ್ಷ್ಮದರ್ಶಕದಲ್ಲಿ ದೋಣಿಯಾಕಾರದ ಬೀಜಕ ಕಂಡರೆ ಫ್ಯುಸೇರಿಯಂ. ಒಂದೇ ಬೀಜಕದಿಂದ ಬೆಳೆದ ಕಲ್ಚರ್ ಮಾಡಿಕೊಳ್ಳಿ. ಇದರ ವಿವರ ಎಲ್ಲಾ ಪ್ರಾಯೋಗಿಕ ಪುಸ್ತಕದಲ್ಲೂ ಇದೆ, ಇಲ್ಲಿ ಎಳೆಯುವುದಿಲ್ಲ.

ಮೂಲ ಅಗರ್ ಒಂದು ಲೀಟರಿಗೆ ಹೀಗೆ: ಸಕ್ಕರೆ 30 ಗ್ರಾಂ, ಪೊಟ್ಯಾಸಿಯಂ ಡೈಹೈಡ್ರೋಜನ್ ಫಾಸ್ಫೇಟ್ 1 ಗ್ರಾಂ, ಮೆಗ್ನೀಸಿಯಂ ಸಲ್ಫೇಟ್ ಅರ್ಧ ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ ಅರ್ಧ ಗ್ರಾಂ, ಫೆರಸ್ ಸಲ್ಫೇಟ್ 10 ಮಿಲಿಗ್ರಾಂ, ಅಗರ್ 20 ಗ್ರಾಂ, ಜೊತೆಗೆ ಸೂಕ್ಷ್ಮ ಪೋಷಕಾಂಶದ ದ್ರಾವಣ 0.2 ಮಿಲಿಲೀಟರ್. ಆ ಕೊನೆಯ ಬಾಟಲಿಯಲ್ಲಿ ಸೋಡಿಯಂ ಮಾಲಿಬ್ಡೇಟ್ ಇದೆಯಾ ನೋಡಿಕೊಳ್ಳಿ, ಮಾಲಿಬ್ಡಿನಂ ಇಲ್ಲದೆ ನೈಟ್ರೇಟ್ ರಿಡಕ್ಟೇಸ್ ಓಡುವುದಿಲ್ಲ ಅಂತ ಆಗಲೇ ಹೇಳಿದೆ. ಇದರಲ್ಲಿ ಸಾರಜನಕ ಇಲ್ಲ. ನಿಮಗೆ ಬೇಕಾದ ಸಾರಜನಕವನ್ನು ಆಮೇಲೆ ಒಂದೊಂದೇ ಸೇರಿಸುತ್ತೀರಿ. ನೀರು ಡಿಸ್ಟಿಲ್ಡ್ ಆಗಿರಲಿ, ಕ್ಯಾನಿನ ಮೇಲೆ ಏನು ಬರೆದಿದ್ದರೂ ಪಟ್ಟಿ ಅದ್ದಿ ನೋಡಿದ ಮೇಲೇ ಬಳಸಿ.

ದಾರಿ ಮುರಿದ ಬೂಷ್ಟನ್ನು ಆರಿಸುವ ಉಪಾಯ ಪೊಟ್ಯಾಸಿಯಂ ಕ್ಲೋರೇಟ್. ಕ್ಲೋರೇಟ್ ನೋಡಲು ನೈಟ್ರೇಟಿನ ಹಾಗೇ ಇರುತ್ತದೆ, ನೈಟ್ರೇಟ್ ರಿಡಕ್ಟೇಸ್ ಮೋಸಹೋಗಿ ಅದನ್ನು ಕ್ಲೋರೈಟ್ ಮಾಡುತ್ತದೆ, ಆ ಕ್ಲೋರೈಟ್ ವಿಷ. ಕಿಣ್ವ ಚೆನ್ನಾಗಿ ಕೆಲಸ ಮಾಡುವ ಬೂಷ್ಟು ನರಳುತ್ತದೆ, ಕಿಣ್ವ ಕೆಟ್ಟಿರುವುದು ಆರಾಮಾಗಿ ಬೆಳೆಯುತ್ತದೆ. ಪೂರ್ತಿ ವಿವರಣೆ ಇದಕ್ಕಿಂತ ತೊಡಕಿನದು, ತಟ್ಟೆ ಓದಲು ಇಷ್ಟು ಸಾಕು. ಮೂಲ ಅಗರಿಗೆ ಲೀಟರಿಗೆ 15 ಗ್ರಾಂ ಕ್ಲೋರೇಟ್, ಸಾರಜನಕಕ್ಕಾಗಿ 1.6 ಗ್ರಾಂ ಆಸ್ಪರಜಿನ್ ಎಂಬ ಅಮೈನೋ ಆಮ್ಲ.

ಇಲ್ಲಿ ಸ್ವಲ್ಪ ನಿಲ್ಲಿ. ಒಣ ಕ್ಲೋರೇಟ್ ಮತ್ತು ಒಣ ಸಕ್ಕರೆ ಸೇರಿದರೆ ಅದು ಪಟಾಕಿಯ ಮದ್ದು. ಒಂದೇ ಕಾಗದದ ಮೇಲೆ ಎರಡನ್ನೂ ತೂಗಬೇಡಿ, ಒಂದೇ ಚಮಚ ಬಳಸಬೇಡಿ. ಎರಡನ್ನೂ ಬೇರೆ ಬೇರೆ ನೀರಲ್ಲಿ ಕರಗಿಸಿ ಆಮೇಲೆ ಸೇರಿಸಿ. ಚೆಲ್ಲಿದರೆ ಒದ್ದೆ ಬಟ್ಟೆಯಲ್ಲಿ ಒರೆಸಿ ಆ ಬಟ್ಟೆಯನ್ನು ಚೆನ್ನಾಗಿ ಜಾಲಾಡಿಸಿ, ಒಣಗಲು ಹಾಗೇ ಬಿಡಬೇಡಿ. ಗಂಧಕದ ಪುಡಿ ಇರುವ ಕಪಾಟಿನಲ್ಲಿ ಕ್ಲೋರೇಟ್ ಡಬ್ಬಿ ಇಡಲೇಬೇಡಿ. ಇದು ಮನೆಯಲ್ಲಿ ಮಾಡುವ ಕೆಲಸ ಅಲ್ಲ, ಕಾಲೇಜಿನ ಲ್ಯಾಬಿನಲ್ಲಿ, ಮೇಷ್ಟರು ಪಕ್ಕದಲ್ಲಿದ್ದಾಗ ಮಾತ್ರ.

ಆಸ್ಪರಜಿನ್ ಬದಲು ಅಮೋನಿಯಂ ಉಪ್ಪು ಹಾಕಿದರೆ ಆಗಲ್ವಾ ಅಂತ ಪ್ರತಿ ಬ್ಯಾಚಿನಲ್ಲೂ ಒಬ್ಬರು ಕೇಳುತ್ತಾರೆ. ಒಂದು ಸಲ ಒಬ್ಬ ಹುಡುಗ ಹೇಳದೆ ಹಾಕಿಯೂಬಿಟ್ಟಿದ್ದ. ಎಲ್ಲಾ ತಟ್ಟೆಯೂ ದಟ್ಟ ಬಿಳಿ, "ಎಲ್ಲಾ ಮ್ಯುಟೆಂಟ್ ಮೇಡಂ!" ಅಂತ ಅವನಿಗೆ ಖುಷಿ. ಮ್ಯುಟೆಂಟ್ ಅಂದರೆ ಜೀನು ಬದಲಾದ ಬೂಷ್ಟು, ಇಲ್ಲಿ ಒಂದೂ ಹಾಗಿರಲಿಲ್ಲ. ಅಮೋನಿಯಂ ಇದ್ದಾಗ ಕರೆಂಟ್ ಹೋಗುತ್ತದೆ, ಏರ್-ಎ ಕೂತುಬಿಡುತ್ತದೆ, ನೈಟ್ರೇಟ್ ರಿಡಕ್ಟೇಸ್ ತಯಾರೇ ಆಗುವುದಿಲ್ಲ, ಹಾಗಾಗಿ ಕ್ಲೋರೇಟಿನ ಮೋಸಕ್ಕೆ ಬೀಳಲು ಯಾರೂ ಇಲ್ಲ. ಅವನ ತಪ್ಪು ತಟ್ಟೆಯನ್ನೇ ಈಗ ನಿಯಂತ್ರಣದ ಪಾಠಕ್ಕೆ ಪ್ರತಿ ವರ್ಷ ಬೇಕಂತಲೇ ಮಾಡಿಸುತ್ತೇನೆ.

ಕ್ಲೋರೇಟ್ ತಟ್ಟೆಯ ನಡುವೆ ಸಣ್ಣ ತುಂಡು ಬೂಷ್ಟು ಇಟ್ಟು 25 ಡಿಗ್ರಿಯಲ್ಲಿ ಬಿಡಿ. ಬೇಸಿಗೆಯಲ್ಲಿ ನಮ್ಮ ಕಡೆ ಕೋಣೆ ಅದಕ್ಕಿಂತ ಬಿಸಿ, ಇನ್‌ಕ್ಯುಬೇಟರ್ ಇಲ್ಲದಿದ್ದರೆ ಮಳೆಗಾಲದಲ್ಲಿ ಮಾಡುವುದು ವಾಸಿ. ಮೊದಲ ದಿನಗಳಲ್ಲಿ ಏನೂ ಆಗದ ಹಾಗೆ ಕಾಣುತ್ತದೆ, ಬೂಷ್ಟು ಗಂಟುಕಟ್ಟಿಕೊಂಡು ಕೂತಿರುತ್ತದೆ. ಎಸೆಯಬೇಡಿ. ಒಂದರಿಂದ ಎರಡು ವಾರದೊಳಗೆ ಅದರ ಒಂದು ಬದಿಯಿಂದ ಬೀಸಣಿಗೆ ಬಿಚ್ಚಿದ ಹಾಗೆ ತೆಳ್ಳನೆಯ ಭಾಗ ಓಡಲು ಶುರುಮಾಡುತ್ತದೆ. ಅದೇ ಸೆಕ್ಟರ್. ಮ್ಯುಟೇಶನ್ ತಾನಾಗಿ ಆಗಿರುತ್ತದೆ, ನಾವು ಜರಡಿ ಮಾತ್ರ ಹಿಡಿದಿದ್ದು. ಬೀಸಣಿಗೆಯ ತುದಿಯಿಂದ ಚೂರು ತೆಗೆದು ನೈಟ್ರೇಟ್ ತಟ್ಟೆಗೆ ಹಾಕಿ, ಅಂದರೆ ಮೂಲ ಅಗರಿಗೆ ಸೋಡಿಯಂ ನೈಟ್ರೇಟ್ 2 ಗ್ರಾಂ. ಪಕ್ಕದಲ್ಲಿ ಮೂಲ ಬೂಷ್ಟು ಹಾಕಿದ ತಟ್ಟೆಯೂ ಇರಲಿ.

ಮೂಲ ಬೂಷ್ಟು ಅಲ್ಲಿ ಹತ್ತಿಯಂತೆ ಎದ್ದರೆ, ಸೆಕ್ಟರಿನದು ಗಾಜಿಗೆ ಉಸಿರು ಬಿಟ್ಟ ಹಾಗೆ ತೆಳ್ಳಗೆ ಹರಡಿದರೆ, ಇದು ನಿಟ್ ಮ್ಯುಟೆಂಟ್, ಅಂದರೆ ನೈಟ್ರೇಟ್ ತಿನ್ನಲಾರದ್ದು. ತಪ್ಪಾಗಿ ‘ಬೆಳೆದಿದೆ’ ಅಂತ ಬರೆಯಬೇಡಿ. ಹರಡುವುದು ಬೇರೆ, ಬೆಳೆಯುವುದು ಬೇರೆ. ತಟ್ಟೆಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಪಕ್ಕದಿಂದ ನೋಡಿ, ಮೇಲೆ ಎದ್ದ ಎಳೆ ಇದೆಯಾ ಇಲ್ಲವಾ ಅನ್ನುವುದೇ ಉತ್ತರ. ಬೋರ್‌ವೆಲ್ ನೀರಿನ ತಟ್ಟೆ ನಮ್ಮನ್ನು ಹಿಡಿದುಕೊಟ್ಟಿದ್ದೂ ಹೀಗೇ.

ಸೆಕ್ಟರ್ ನೈಟ್ರೇಟಿನ ಮೇಲೂ ದಪ್ಪಗೆ ಬೆಳೆದರೆ? ಅದೂ ಆಗುತ್ತದೆ, ಆಗಾಗ ಆಗುತ್ತದೆ. ಕ್ಲೋರೇಟಿಗೆ ಜಗ್ಗದೆ, ನೈಟ್ರೇಟನ್ನೂ ತಿನ್ನುವ ಇಂಥವನ್ನು ಕ್ರನ್ ಅನ್ನುತ್ತಾರೆ. ನಿಡುಲಾನ್ಸ್‌ನ ಕ್ರನ್-ಎಗೆ ಹೆಸರು ಬಂದಿದ್ದು ಇಲ್ಲಿಂದಲೇ. ಅಲ್ಲಿ ಒಂದು ಬಾಗಿಲು ಕೆಟ್ಟಿದ್ದರೂ ಇನ್ನೊಂದು ಬಾಗಿಲಿಂದ ನೈಟ್ರೇಟ್ ಸಾಕಷ್ಟು ಬರುತ್ತದೆ, ಎರಡನ್ನೂ ಕೆಡಿಸಿದ ಮೇಲೇ ನೈಟ್ರೇಟ್ ಮೇಲಿನ ಬೆಳವಣಿಗೆ ನಿಂತಿದ್ದು. ಬಾಗಿಲುಗಳ ಕೆಲಸ ಹಂಚಿಕೊಂಡಿರುವುದು 2001ರಲ್ಲಿ ಸ್ಪಷ್ಟವಾಯಿತು. ನಿಮ್ಮ ಫ್ಯುಸೇರಿಯಂನ ಕ್ರನ್ ಯಾವ ಜೀನಿನದು ಅಂತ ತಟ್ಟೆ ಹೇಳುವುದಿಲ್ಲ, ಅದನ್ನು ಪಕ್ಕಕ್ಕಿಡಿ.

ಉಳಿದ ನಿಟ್‌ಗಳಿಗೆ ಈಗ ನಾಲ್ಕು ತಟ್ಟೆ. ನೈಟ್ರೇಟ್ ಒಂದು. ಸೋಡಿಯಂ ನೈಟ್ರೈಟ್ ಅರ್ಧ ಗ್ರಾಂ ಹಾಕಿದ್ದು ಎರಡನೆಯದು, ಇದರ ಪಿಎಚ್ ಆಮ್ಲದ ಕಡೆ ಇಳಿಯದಂತೆ 6.5ರ ಹತ್ತಿರ ಇಡಿ, ಇಲ್ಲದಿದ್ದರೆ ನೈಟ್ರೈಟೇ ವಿಷವಾಗುತ್ತದೆ. ಸಾರಜನಕ ಇರುವ ಇನ್ನೊಂದು ವಸ್ತು ಹೈಪೋಕ್ಸಾಂಥಿನ್ 0.2 ಗ್ರಾಂ ಮೂರನೆಯದು, ಸುಲಭವಾಗಿ ಕರಗದು, ಕೆಲವು ಹನಿ ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ಬಿಸಿಮಾಡಿ ಕರಗಿಸಿ ಪಿಎಚ್ ಸರಿಮಾಡಿ. ಅಮೋನಿಯಂ ಟಾರ್ಟ್ರೇಟ್ 1 ಗ್ರಾಂ ನಾಲ್ಕನೆಯದು. ಇದು 1987ರಲ್ಲಿ ಕೊರೆಲ್, ಕ್ಲಿಟಿಚ್, ಲೆಸ್ಲಿ ಫ್ಯುಸೇರಿಯಂಗೆ ಹೊಂದಿಸಿಕೊಟ್ಟ ಪದ್ಧತಿ.

ಹೈಪೋಕ್ಸಾಂಥಿನ್ ಯಾಕೆ ಬಂತು ಮಧ್ಯೆ? ಅದನ್ನು ಒಡೆಯುವ ಕಿಣ್ವಕ್ಕೂ ಅದೇ ಮಾಲಿಬ್ಡಿನಂ ಅಣು ಬೇಕು. ಆ ಒಂದು ತಟ್ಟೆಯಿಂದ ಕಿಣ್ವ ಕೆಟ್ಟಿದೆಯಾ, ಕಿಣ್ವಕ್ಕೆ ಬೇಕಾದ ಸಾಮಾನು ಕೆಟ್ಟಿದೆಯಾ ಅಂತ ಗೊತ್ತಾಗುತ್ತದೆ. ನನ್ನ ಪ್ರಕಾರ ಇಡೀ ಪ್ರಯೋಗದ ಜಾಣತನ ಇರುವುದು ಇಲ್ಲೇ.

ಓದುವುದು ಹೀಗೆ. ನೈಟ್ರೇಟಿನ ಮೇಲೆ ಮಾತ್ರ ತೆಳ್ಳಗಿದ್ದು ಉಳಿದ ಮೂರರಲ್ಲೂ ದಪ್ಪಗಿದ್ದರೆ ನೈಟ್ರೇಟ್ ರಿಡಕ್ಟೇಸಿನ ಜೀನೇ ಹೋಗಿದೆ, ಫ್ಯುಸೇರಿಯಂನವರು ಇದನ್ನು ನಿಟ್-1 ಅನ್ನುತ್ತಾರೆ, ನಿಡುಲಾನ್ಸ್‌ನ ನಿಯ-ಡಿಗೆ ಸಮ. ಸಾಮಾನ್ಯವಾಗಿ ಇದೇ ಜಾಸ್ತಿ ಸಿಗುತ್ತದೆ. ನೈಟ್ರೇಟ್, ನೈಟ್ರೈಟ್ ಎರಡರಲ್ಲೂ ತೆಳ್ಳಗಿದ್ದು ಹೈಪೋಕ್ಸಾಂಥಿನ್ ಮೇಲೆ ದಪ್ಪಗಿದ್ದರೆ ಸ್ಟಾರ್ಟರ್ ಕೆಟ್ಟಿದೆ, ಅಂದರೆ ನಿರ್-ಎಗೆ ಸಮನಾದ ನಿಟ್-3. ಎರಡು ಕಿಣ್ವವನ್ನೂ ಹಚ್ಚುವವನೇ ಇಲ್ಲದಿದ್ದರೆ ಎರಡು ತಟ್ಟೆಯೂ ಸೋಲಬೇಕಲ್ಲ. ನೈಟ್ರೇಟ್ ಮತ್ತು ಹೈಪೋಕ್ಸಾಂಥಿನ್ ಮೇಲೆ ತೆಳ್ಳಗಿದ್ದು ನೈಟ್ರೈಟ್ ಮೇಲೆ ದಪ್ಪಗಿದ್ದರೆ ಮಾಲಿಬ್ಡಿನಂ ಸಾಮಾನು ತಯಾರಾಗುತ್ತಿಲ್ಲ, ಇದಕ್ಕೆ ನಿಟ್-ಎಂ ಅಂತ ಹೆಸರು. ಮೂರೂ ಸೋತು ಅಮೋನಿಯಂ ಮಾತ್ರ ಗೆದ್ದರೆ ಏರ್-ಎಯಂಥ ಕರೆಂಟಿನ ಜೀನಿನ ಮೇಲೆ ಅನುಮಾನ ಪಡಿ. ಅಮೋನಿಯಂ ಮೇಲೂ ಸೋತರೆ ನಿಮ್ಮ ಅಗರಿನ ಮೇಲೆ ಅನುಮಾನ ಪಡಿ.

ಚುರುಕು ಮಕ್ಕಳು ಇಲ್ಲಿ ಒಂದು ಪ್ರಶ್ನೆ ಎತ್ತುತ್ತಾರೆ: ನೈಟ್ರೈಟ್ ರಿಡಕ್ಟೇಸ್ ಒಂದೇ ಕೆಟ್ಟರೂ ನಿಟ್-3ರ ಹಾಗೇ ಕಾಣುತ್ತದಲ್ಲ? ಕಾಣುತ್ತದೆ. ಆದರೆ ಅದು ಕ್ಲೋರೇಟ್ ಜರಡಿಯಲ್ಲಿ ಉಳಿಯುವುದಿಲ್ಲ. ಅದರ ನೈಟ್ರೇಟ್ ರಿಡಕ್ಟೇಸ್ ಸರಿಯಾಗಿಯೇ ಇದೆ, ಕ್ಲೋರೇಟ್ ಅದನ್ನು ಕೊಂದಿರುತ್ತದೆ. ಜರಡಿ ಯಾವುದನ್ನು ಬಿಡುತ್ತದೆ, ಯಾವುದನ್ನು ತಡೆಯುತ್ತದೆ ಅಂತ ಯೋಚಿಸಿದರೆ ಅರ್ಧ ಉತ್ತರ ಅಲ್ಲೇ ಇರುತ್ತದೆ.

ಪ್ರೋಟಾನಿನ ಬಣ್ಣ ತೋರಿಸುತ್ತೇನೆ ಅಂದಿದ್ದೆ. ನೈಟ್ರೇಟ್ ಮತ್ತು ಅಮೋನಿಯಂ ಅಗರಿಗೆ, ಆಮ್ಲವಿದ್ದರೆ ಹಳದಿ, ಕ್ಷಾರವಿದ್ದರೆ ನೀಲಿಯಾಗುವ ಬ್ರೋಮೋಥೈಮಾಲ್ ಬ್ಲೂ ದ್ರಾವಣ ಹಾಕಿ, ಪಿಎಚ್ ಸರಿಮಾಡಿ ಹಸಿರು ಬರಿಸಿ. ಮೂಲ ಬೂಷ್ಟು ಬೆಳೆಯುತ್ತಾ ಹೋದಂತೆ ನೈಟ್ರೇಟ್ ತಟ್ಟೆ ನೀಲಿಯ ಕಡೆ ತಿರುಗುತ್ತದೆ, ಪ್ರೋಟಾನುಗಳು ನೈಟ್ರೇಟಿನ ಜೊತೆ ಒಳಗೆ ಹೋಗಿ ಅಗರಿನ ಆಮ್ಲೀಯತೆ ತಗ್ಗಿರುತ್ತದೆ. ಅಮೋನಿಯಂ ತಟ್ಟೆ ಹಳದಿಯಾಗುತ್ತದೆ. ನಿಟ್-1 ಹಾಕಿದ ನೈಟ್ರೇಟ್ ತಟ್ಟೆ ನೀಲಿಯಾಗುವುದಿಲ್ಲ. ಸೆಮಿನಾರಿಗೆ ಫೋಟೋ ಬೇಕಿದ್ದರೆ ಇದರಷ್ಟು ಚೆಂದದ್ದು ಬೇರೆ ಇಲ್ಲ.

ಕೊನೆಗೆ ಜೋಡಿ ಪರೀಕ್ಷೆ. ಒಂದೇ ಬೂಷ್ಟಿನಿಂದ ಬಂದ ನಿಟ್-1 ಮತ್ತು ನಿಟ್-ಎಂ ಎರಡನ್ನೂ ನೈಟ್ರೇಟ್ ತಟ್ಟೆಯಲ್ಲಿ ಎರಡು ಸೆಂಟಿಮೀಟರ್ ದೂರದಲ್ಲಿ ಇಡಿ. ಎರಡೂ ತೆಳ್ಳಗೆ ಹರಡುತ್ತಾ ಬಂದು ಸೇರಿದ ಕಡೆ, ಒಂದು ವಾರ ಹತ್ತು ದಿನಕ್ಕೆ, ತಟ್ಟೆಯ ನಡುವೆ ಬಿಳಿ ಹತ್ತಿಯ ಗೆರೆ ಏಳುತ್ತದೆ. ಎಳೆಗಳು ಕೂಡಿಕೊಂಡು ಒಂದರ ಕೊರತೆಯನ್ನು ಇನ್ನೊಂದು ತುಂಬಿದೆ. ಎರಡು ನಿಟ್-1 ಇಟ್ಟರೆ ಗೆರೆ ಏಳದು, ಇಬ್ಬರಲ್ಲೂ ಇಲ್ಲದ್ದು ಒಂದೇ. ಈಗ ಶ್ರೀನಿವಾಸಪುರದ ಬೂಷ್ಟಿನ ನಿಟ್-1ರ ಎದುರು ಮುಳಬಾಗಿಲಿನ ಬೂಷ್ಟಿನ ನಿಟ್-ಎಂ ಇಟ್ಟು ನೋಡಿ. ಗೆರೆ ಎದ್ದರೆ ಎರಡೂ ಒಂದೇ ಹೊಂದಾಣಿಕೆ ಗುಂಪಿನವು, ಅಂದರೆ ಒಂದರ ಎಳೆ ಇನ್ನೊಂದರ ಜೊತೆ ಕೂಡಬಲ್ಲವು. ಸೊರಗು ರೋಗದ ತಳಿಗಳನ್ನು ಗುಂಪು ಮಾಡಲು ಪ್ರಪಂಚದಲ್ಲೆಲ್ಲಾ ಬಳಸಿದ್ದು ಇದನ್ನೇ, ಬಾಳೆಯ ಪನಾಮ ರೋಗ ತರುವ ಟಿಆರ್-4 ಎಂಬ ಫ್ಯುಸೇರಿಯಂ ತಳಿಗೆ ಗುಂಪಿನ ನಂಬರ್ ಸಿಕ್ಕಿದ್ದೂ ಹೀಗೆ.

ಗಿಡ ಕೊಟ್ಟ ರೈತರೊಬ್ಬರು ಲ್ಯಾಬಿಗೆ ಬಂದು ತಟ್ಟೆ ನೋಡಿ, "ಹಂಗಾದ್ರೆ ಮೇಡಂ, ನೈಟ್ರೇಟ್ ಗೊಬ್ಬರ ನಿಲ್ಲಿಸಿಬಿಟ್ರೆ ಬೂಷ್ಟು ಸಾಯ್ತದಾ?" ಅಂದರು. ಇಲ್ಲಣ್ಣ, ಸಾಯುವುದಿಲ್ಲ. ಗಿಡದೊಳಗೆ ಅದಕ್ಕೆ ಅಮೈನೋ ಆಮ್ಲಗಳೂ ಸಿಗುತ್ತವೆ, ನೈಟ್ರೇಟ್ ತಿನ್ನಲಾರದ ನಿಟ್ ಮ್ಯುಟೆಂಟುಗಳೂ ಸಾಮಾನ್ಯವಾಗಿ ರೋಗ ತರುತ್ತವೆ. ಇನ್ನೂ ಹೇಳಬೇಕೆಂದರೆ, ಅಮೋನಿಯಂ ಗೊಬ್ಬರಕ್ಕಿಂತ ನೈಟ್ರೇಟ್ ಗೊಬ್ಬರ ಕೊಟ್ಟು ಸುಣ್ಣ ಹಾಕಿದ ಮಣ್ಣಿನಲ್ಲಿ ಈ ಸೊರಗು ಕಡಿಮೆಯಾಗುವುದನ್ನು ಬಹಳ ಕಡೆ ನೋಡಿದ್ದಾರೆ. ಅವರು ತಲೆ ಕೆರೆದುಕೊಂಡು, "ನಮ್ಮ ಬೋರ್ ನೀರಲ್ಲೇ ಅದು ಇದೆ ಅಂದ್ರಲ್ಲ" ಅಂದರು. ಮಾತು ಸರಿಯೇ. ಕುಡಿಯಲು ಬೇಡ ಅಂತ ಹೇಳಿ ಕಳಿಸಿದೆ.

ಕೆಲಸ ಮುಗಿದ ತಟ್ಟೆಗಳ ಬಗ್ಗೆ ಒಂದು ಮಾತು. ಬೂಷ್ಟು ಇರುವ ಎಲ್ಲಾ ತಟ್ಟೆಯನ್ನೂ ಆಟೋಕ್ಲೇವ್ ಮಾಡಿ. ಕ್ಲೋರೇಟಿನವು ಒಣಗುವ ತನಕ ಮೂಲೆಯಲ್ಲಿ ಬಿದ್ದಿರದಿರಲಿ, ಅವನ್ನು ಸುಡಲೂ ಬೇಡಿ, ಲ್ಯಾಬಿನ ರಾಸಾಯನಿಕ ಕಸಕ್ಕೆ ಬೇರೆಯಾಗಿ ಕೊಡಿ. ಆಯಾ ಗುಡಿಸಿ ಹಿಂದಿನ ತಿಪ್ಪೆಗೆ ಎಸೆದುಬಿಟ್ಟರೆ, ಆ ತಿಪ್ಪೆ ಗೊಬ್ಬರ ಮುಂದಿನ ಮುಂಗಾರಿಗೆ ಯಾರದೋ ಟೊಮೇಟೊ ಸಾಲಿಗೆ ಹೋಗುತ್ತದೆ.